ಗ್ಯಾರೇಜಿನ ವಿದ್ಯುತ್ ಹೀಟರ್: ವೈರಿಂಗ್ ದೋಷವನ್ನು ಪತ್ತೆ ಹಚ್ಚುವ ಕ್ರಮ

ಮನೆಯ ಗ್ಯಾರೇಜಿನಲ್ಲಿ ಗೋಡೆಗೋ ಚಾವಣಿಗೋ ಕಾಯಂ ಆಗಿ ಕೂರಿಸಿದ ವಿದ್ಯುತ್ ಹೀಟರ್ ಕೈಕೊಟ್ಟಾಗ ಹೆಚ್ಚಿನವರು ಮೊದಲು ಬಿಚ್ಚುವುದು ಹೀಟರನ್ನೇ. ವಾಸ್ತವದಲ್ಲಿ ಅದು ಬಹಳ ಸರಳವಾದ ಉಪಕರಣ. ಕಾದು ಶಾಖ ಕೊಡುವ ಒಂದೆರಡು ಎಲಿಮೆಂಟ್, ಒಂದು ಫ್ಯಾನ್, ಒಂದು ಥರ್ಮೊಸ್ಟಾಟ್ ಮತ್ತು ಕಾವು ಮಿತಿ ಮೀರಿದರೆ ಕರೆಂಟ್ ಕಡಿಯುವ ಒಂದು ಕಟ್‌ಔಟ್, ಇಷ್ಟೇ ಅದರೊಳಗಿರುವುದು. ಆದರೆ ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ ಹೀಟರಿನವರೆಗಿನ ದಾರಿಯಲ್ಲಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು, ಅಂದರೆ ಟ್ರಿಪ್ ಆಗಿ, ಕಡಿಯುವ ಸ್ವಿಚ್), ನ್ಯೂಟ್ರಲ್ ಪಟ್ಟಿ (ನ್ಯೂಟ್ರಲ್ ತಂತಿಗಳೆಲ್ಲ ಸೇರುವ ಲೋಹದ ಪಟ್ಟಿ), ಐಸೊಲೇಟರ್ (ಹೀಟರನ್ನು ಪೂರ್ತಿ ಬೇರ್ಪಡಿಸುವ ಸ್ವಿಚ್), ಥರ್ಮೊಸ್ಟಾಟ್, ಟರ್ಮಿನಲ್ ಬ್ಲಾಕ್ ಎಂದು ಸ್ಕ್ರೂ ಬಿಗಿದು ಮಾಡಿದ ಹತ್ತಾರು ಜೋಡಣೆಗಳು ಇರುತ್ತವೆ. ಗಂಟೆಗಟ್ಟಲೆ ಇಪ್ಪತ್ತಕ್ಕೂ ಹೆಚ್ಚು ಆಂಪಿಯರ್ ಹರಿಯುವ ಈ ದಾರಿಯಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಈ ಜೋಡಣೆಗಳಲ್ಲಿ ಒಂದು. ಆದ್ದರಿಂದ ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ದೋಷ ಕಾಣಿಸಿಕೊಳ್ಳುವುದು ಯಾವಾಗ? ಸ್ವಿಚ್ ಹಾಕಿದ ಕ್ಷಣದಲ್ಲೋ, ಅರ್ಧ ಗಂಟೆ ಓಡಿದ ಮೇಲೋ, ತಿಂಗಳುಗಟ್ಟಲೆ ಸುಮ್ಮನಿದ್ದ ಮೇಲಿನ ಮೊದಲ ದಿನವೋ? ಈ ಉತ್ತರ ಗೊತ್ತಾದರೆ ಅರ್ಧದಷ್ಟು ಪರೀಕ್ಷೆಗಳನ್ನು ಮಾಡುವ ಅಗತ್ಯವೇ ಇರುವುದಿಲ್ಲ.

ಲೆಕ್ಕಕ್ಕೆ ಅನುಕೂಲವಾಗಲೆಂದು ಇಲ್ಲಿ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳುತ್ತೇನೆ. 230 ವೋಲ್ಟ್, 5 ಕಿಲೋವ್ಯಾಟ್, ಸಿಂಗಲ್ ಫೇಸ್ ಫ್ಯಾನ್ ಹೀಟರ್, ಒಳಗೆ 2.5 ಕಿಲೋವ್ಯಾಟಿನ ಎರಡು ಎಲಿಮೆಂಟ್‌ಗಳು ಸಮಾಂತರವಾಗಿ ಜೋಡಣೆಯಾಗಿವೆ. 32 ಆಂಪಿಯರ್ ಎಂಸಿಬಿಯಿಂದ 6 ಚದರ ಮಿ.ಮೀ. ತಾಮ್ರದ ಕೇಬಲ್ 25 ಮೀಟರ್ ದೂರ ಎಳೆಯಲಾಗಿದೆ. ಈ ಹೀಟರ್ 21.7 ಆಂಪಿಯರ್ ಕರೆಂಟ್ ಎಳೆಯುತ್ತದೆ ಮತ್ತು ಅದರ ರೋಧ 10.6 ಓಮ್. ನಿಮ್ಮ ಹೀಟರಿನ ನಾಮಫಲಕದಲ್ಲಿರುವ ವೋಲ್ಟೇಜನ್ನು ವರ್ಗ ಮಾಡಿ ವ್ಯಾಟಿನಿಂದ ಭಾಗಿಸಿದರೆ ನಿಮ್ಮ ಓಮ್ ಸಂಖ್ಯೆ ಸಿಗುತ್ತದೆ. ಅದನ್ನು ಮೊದಲೇ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಪದೇ ಪದೇ ಬೇಕಾಗುತ್ತದೆ.

ಮುಟ್ಟುವ ಮೊದಲು

ಥರ್ಮೊಸ್ಟಾಟನ್ನು ಕಡಿಮೆಗೆ ತಿರುಗಿಸುವುದು ವಿದ್ಯುತ್ ಕಡಿತವಲ್ಲ. ಹಲವು ಥರ್ಮೊಸ್ಟಾಟ್‌ಗಳು ಒಂದೇ ತಂತಿಯನ್ನು ಕಡಿಯುತ್ತವೆ. ಎರಡು ಲೈವ್ ತಂತಿಗಳಿಂದ 240 ವೋಲ್ಟ್ ಪಡೆಯುವ ವ್ಯವಸ್ಥೆ ಇರುವ ದೇಶಗಳಲ್ಲಿ ಅಂಥ ಥರ್ಮೊಸ್ಟಾಟ್ ಆಫ್ ಆಗಿದ್ದರೂ ಎಲಿಮೆಂಟಿನ ಎರಡೂ ತುದಿಗಳಲ್ಲಿ ಭೂಮಿಗೆ ಹೋಲಿಸಿದರೆ 120 ವೋಲ್ಟ್ ಇದ್ದೇ ಇರುತ್ತದೆ. ಆದ್ದರಿಂದ ಎಂಸಿಬಿ ಮತ್ತು ಐಸೊಲೇಟರ್ ಎರಡನ್ನೂ ಆಫ್ ಮಾಡಿ, ಬೇರೆ ಯಾರೂ ಮತ್ತೆ ಹಾಕದಂತೆ ಬೀಗ ಹಾಕಿ ಅಥವಾ ಚೀಟಿ ಅಂಟಿಸಿ. ಬಳಿಕ ವೋಲ್ಟೇಜ್ ಪರೀಕ್ಷಕವನ್ನು ಮೊದಲು ಕರೆಂಟ್ ಇರುವುದು ಖಚಿತವಾಗಿ ಗೊತ್ತಿರುವ ಜಾಗದಲ್ಲಿ ಪರೀಕ್ಷಿಸಿ, ಆಮೇಲೆ ಹೀಟರಿನ ಟರ್ಮಿನಲ್‌ಗಳಲ್ಲಿ ನೋಡಿ, ಕೊನೆಗೆ ಮತ್ತೆ ಮೊದಲಿನ ಜಾಗದಲ್ಲಿ ಪರೀಕ್ಷಿಸಿ ಉಪಕರಣ ಸರಿಯಾಗಿದೆಯೆಂದು ಖಾತ್ರಿ ಮಾಡಿಕೊಳ್ಳಿ. ನಿಯಾನ್ ದೀಪದ ಟೆಸ್ಟರ್ ಉರಿಯಲಿಲ್ಲ ಎಂಬುದು ತಂತಿ ಸತ್ತಿದೆ ಎನ್ನುವುದಕ್ಕೆ ಸಾಕ್ಷಿಯಾಗದು. ಅದು ಉರಿದರೂ ಹೀಟರಿಗೆ ಬೇಕಾದ ಕರೆಂಟ್ ಅಲ್ಲಿಗೆ ತಲುಪುತ್ತಿದೆ ಎಂದು ಅರ್ಥವಲ್ಲ.

ಮುಂದೆ ಹೇಳಿರುವ ಕೆಲವು ಅಳತೆಗಳನ್ನು ಸರ್ಕ್ಯೂಟಿನಲ್ಲಿ ಕರೆಂಟ್ ಇದ್ದಾಗಲೇ ತೆಗೆದುಕೊಳ್ಳಬೇಕಾಗುತ್ತದೆ. ಅಂಥ ಕೆಲಸ ಪರವಾನಗಿ ಹೊಂದಿದ ಎಲೆಕ್ಟ್ರೀಷಿಯನ್‌ಗೆ ಸೇರಿದ್ದು. ಗ್ಯಾರೇಜಿನ ಕಾಂಕ್ರೀಟ್ ನೆಲದಲ್ಲಿ ಸದಾ ತೇವ ಇರುವುದರಿಂದ ಅಲ್ಲಿ ತಗಲುವ ಆಘಾತ ಒಳಮನೆಯಲ್ಲಿ ತಗಲುವುದಕ್ಕಿಂತ ಅಪಾಯಕಾರಿ. ಜೊತೆಗೆ ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ವಾಹನವನ್ನೂ ಇಂಧನದ ಡಬ್ಬವನ್ನೂ ಹೊರಗಿಟ್ಟು, ಬಾಗಿಲು ತೆರೆದು, ವಾಸನೆ ಹೋದ ಮೇಲೆಯೇ ಪರೀಕ್ಷೆ ಆರಂಭಿಸಬೇಕು.

ಸ್ವಿಚ್ ಹಾಕಿದ ಕ್ಷಣವೇ ಎಂಸಿಬಿ ಬಿದ್ದರೆ

ಎಂಸಿಬಿಯೊಳಗೆ ಎರಡು ಪ್ರತ್ಯೇಕ ವ್ಯವಸ್ಥೆಗಳಿವೆ. ಒಂದು ಕಾಂತೀಯವಾದದ್ದು, ಕರೆಂಟ್ ಹಲವು ಪಟ್ಟು ಏರಿದ ಕ್ಷಣದಲ್ಲೇ ಕಡಿಯುತ್ತದೆ. ‘ಬಿ’ ವರ್ಗದ ಎಂಸಿಬಿಯಲ್ಲಿ ಈ ಮಿತಿ ನಿಗದಿತ ಆಂಪಿಯರಿನ 3ರಿಂದ 5 ಪಟ್ಟು, ‘ಸಿ’ ವರ್ಗದಲ್ಲಿ 5ರಿಂದ 10 ಪಟ್ಟು. ಇನ್ನೊಂದು ಎರಡು ಲೋಹಗಳ ಪಟ್ಟಿ ಕಾದು ಬಾಗುವುದರಿಂದ ಕೆಲಸ ಮಾಡುವಂಥದ್ದು. ಇದಕ್ಕೆ ಸಮಯ ಬೇಕು. ಹಾಕಿದ ಕೂಡಲೇ ಎಂಸಿಬಿ ಬೀಳುತ್ತದೆ ಎಂದರೆ ಕಾಂತೀಯ ವ್ಯವಸ್ಥೆ ಕೆಲಸ ಮಾಡಿದೆ, ಅಂದರೆ ಎಲ್ಲೋ ನೇರ ಶಾರ್ಟ್ ಇದೆ. ಸಾಧಾರಣ ನೈಕ್ರೋಮ್ (ನಿಕಲ್-ಕ್ರೋಮಿಯಂ ಮಿಶ್ರಲೋಹ) ಎಲಿಮೆಂಟ್ ತಣ್ಣಗಿರುವಾಗಲೂ ಕೆಂಪಗೆ ಕಾದಾಗಲೂ ಅದರ ರೋಧ ಕೆಲವೇ ಶೇಕಡಾ ಬದಲಾಗುತ್ತದೆ. ಹೀಗಾಗಿ “ಆರಂಭದ ಜಗ್ಗು ಹೆಚ್ಚು” ಎಂಬ ಸಬೂಬು ಇಂಥ ಹೀಟರಿಗೆ ಒಪ್ಪುವುದಿಲ್ಲ. ಕೆಂಪು ಬೆಳಕು ಚೆಲ್ಲುವ, ಗಾಜಿನ ನಳಿಕೆಯೊಳಗೆ ಟಂಗ್‌ಸ್ಟನ್ ತಂತಿ ಇರುವ ಇನ್‌ಫ್ರಾರೆಡ್ ಹೀಟರಿನ ಮಾತು ಬೇರೆ. ತಣ್ಣಗಿರುವಾಗ ಅದರ ರೋಧ ಬಹಳ ಕಡಿಮೆ ಇರುವುದರಿಂದ ‘ಬಿ’ ವರ್ಗದ ಎಂಸಿಬಿ ವಿನಾಕಾರಣ ಬೀಳಬಹುದು. ಇದೇ ಕಾರಣಕ್ಕೆ ಅದರ ರೋಧವನ್ನು ಮೀಟರಿನಲ್ಲಿ ಅಳೆದು ನಾಮಫಲಕದ ಲೆಕ್ಕದೊಂದಿಗೆ ಹೋಲಿಸುವುದೂ ವ್ಯರ್ಥ.

ನೈಕ್ರೋಮ್ ಹೀಟರಿನಲ್ಲಿ ಶಾರ್ಟ್ ಹುಡುಕುವ ದಾರಿ ನೇರವಾಗಿದೆ. ಕರೆಂಟ್ ಕಡಿದು, ಹೀಟರಿನ ಟರ್ಮಿನಲ್‌ನಿಂದ ಬರುವ ಕೇಬಲ್ಲನ್ನು ಬಿಡಿಸಿ, ಎರಡೂ ಕಡೆ ಬೇರೆ ಬೇರೆಯಾಗಿ ಅಳೆಯಿರಿ. ಥರ್ಮೊಸ್ಟಾಟನ್ನು ಪೂರ್ತಿ ಹೆಚ್ಚಿಗೆ ತಿರುಗಿಸಿದಾಗ ಹೀಟರ್ ಕಡೆ 10.6 ಓಮ್‌ನ ಆಸುಪಾಸು ಬಂದು, ಕವಚಕ್ಕೆ ಸಂಪರ್ಕ ತೋರದಿದ್ದರೆ ಹೀಟರ್ ನಿರ್ದೋಷಿ. ಬಿಡಿಸಿದ ಕೇಬಲ್ಲಿನ ಫೇಸ್ ಮತ್ತು ನ್ಯೂಟ್ರಲ್ ನಡುವೆ ಯಾವುದೇ ಸಂಪರ್ಕ ತೋರಬಾರದು. ತೋರಿದರೆ ಕೇಬಲ್ ಹಾದುಹೋಗುವ ಕೊಳವೆಯ (ಕಂಡ್ಯೂಟ್) ತಿರುವುಗಳನ್ನೂ ಗೋಡೆಗೆ ಇತ್ತೀಚೆಗೆ ಹೊಡೆದ ಮೊಳೆಗಳನ್ನೂ ಹೀಟರಿನ ಲೋಹದ ಕವಚದೊಳಗೆ ಕೇಬಲ್ ನುಗ್ಗುವ ತೂತಿನ ಅಂಚನ್ನೂ ನೋಡಬೇಕು. ಗ್ಯಾರೇಜಿನಲ್ಲಿ ಗೋಡೆಗೆ ಕಪಾಟು ಬಿಗಿದ ಮಾರನೆಯ ದಿನ ಕಾಣಿಸಿಕೊಳ್ಳುವ ಶಾರ್ಟಿನ ಕಾರಣ ಹುಡುಕಲು ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ, ಆ ಮೊಳೆಗಳನ್ನೇ ಮೊದಲು ನೋಡಿ.

ಅರ್ಧ ಗಂಟೆಯ ನಂತರ ಬಿದ್ದರೆ

ಜನರನ್ನು ಅತಿ ಹೆಚ್ಚು ದಾರಿ ತಪ್ಪಿಸುವ ದೋಷ ಇದು, ಅತಿ ಅಪಾಯಕಾರಿಯೂ ಇದೇ. ಹೀಟರ್ ಸೊಗಸಾಗಿ ಕಾಯುತ್ತದೆ, ಇಪ್ಪತ್ತು ನಿಮಿಷವೋ ನಲವತ್ತು ನಿಮಿಷವೋ ಓಡುತ್ತದೆ, ಆಮೇಲೆ ಎಂಸಿಬಿ ಬೀಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದರೆ ಮತ್ತೆ ಓಡುತ್ತದೆ. ಇಲ್ಲಿ ಬಿದ್ದಿರುವುದು ಕಾವಿನ ವ್ಯವಸ್ಥೆ. ಅದು ಕಾಯಲು ಕಾರಣ ಮೂರು ಇರಬಹುದು: ಹೀಟರ್ ನಿಜಕ್ಕೂ ಹೆಚ್ಚು ಕರೆಂಟ್ ಎಳೆಯುತ್ತಿದೆ, ಎಂಸಿಬಿಯನ್ನೇ ಚಿಕ್ಕದು ಹಾಕಲಾಗಿದೆ, ಅಥವಾ ಎಂಸಿಬಿಯ ಟರ್ಮಿನಲ್ಲಿನಲ್ಲಿ ಸಡಿಲ ಜೋಡಣೆಯೊಂದು ಬೆಂಕಿಯ ಕೆಂಡದಂತೆ ಕುಳಿತು ಹೊರಗಿನಿಂದ ಅದನ್ನು ಕಾಯಿಸುತ್ತಿದೆ.

ತಂತಿಯನ್ನು ಬಿಡಿಸದೆ ಅದರ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಾಕಿ ನೋಡಿದರೆ ಮೊದಲನೆಯದು ತೀರ್ಮಾನವಾಗುತ್ತದೆ. ನಮ್ಮ ಉದಾಹರಣೆಯಲ್ಲಿ 21ರಿಂದ 22 ಆಂಪಿಯರ್ ಬಂದರೆ ಹೀಟರಿನ ತಪ್ಪಿಲ್ಲ. ಎರಡನೆಯದರಲ್ಲಿ ಒಂದು ಸೂಕ್ಷ್ಮವಿದೆ. ಮನೆಗಳಲ್ಲಿ ಬಳಸುವ ಎಂಸಿಬಿಗಳ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, 30 ಡಿಗ್ರಿ ಸೆಲ್ಸಿಯಸ್ ಪರಿಸರದಲ್ಲಿ ನಿಗದಿತ ಆಂಪಿಯರಿನ 1.13 ಪಟ್ಟು ಹರಿದರೂ ಒಂದು ಗಂಟೆಯವರೆಗೆ ಅದು ಬೀಳಬಾರದು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. 21.7 ಆಂಪಿಯರ್ ಎಳೆಯುವ ಹೀಟರಿಗೆ ಯಾರೋ 20 ಆಂಪಿಯರ್ ಎಂಸಿಬಿ ಹಾಕಿದ್ದರೆ ಅದರ ಮೇಲಿನ ಹೊರೆ ಸುಮಾರು 1.09 ಪಟ್ಟು. ಅಂದರೆ ಒಂದು ದಿನ ಬೀಳದೆ, ಇನ್ನೊಂದು ದಿನ, ಪಕ್ಕದ ಎಂಸಿಬಿಗಳೂ ಬಿಸಿಯಾಗಿದ್ದಾಗ, ಬೀಳುತ್ತದೆ. ಇಂಥ ಚಂಚಲ ವರ್ತನೆ ಕಂಡವರು ಹೀಟರಿಗೆ ಭೂತ ಮೆಟ್ಟಿದೆ ಎಂದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಇದಕ್ಕೆ ಪರಿಹಾರವೆಂದು 32 ಆಂಪಿಯರ್ ಎಂಸಿಬಿ ತಂದು ಹಾಕುವ ಮೊದಲು ಗೋಡೆಯೊಳಗಿರುವ ಕೇಬಲ್ಲಿನ ಗಾತ್ರವನ್ನು ಖಚಿತಪಡಿಸಿಕೊಳ್ಳದಿದ್ದರೆ, ಎಂಸಿಬಿ ಬೀಳುವುದು ನಿಂತು ಕೇಬಲ್ ಬೇಯಲು ಶುರುವಾಗುತ್ತದೆ. ಎಂಸಿಬಿ ಇರುವುದು ಕೇಬಲ್ಲನ್ನು ಕಾಯಲು. ದೊಡ್ಡ ಎಂಸಿಬಿ ಬೇಕೆಂದರೆ ಅದಕ್ಕೆ ತಕ್ಕ ಕೇಬಲ್ಲನ್ನು ಮೊದಲು ಎಳೆಯಬೇಕು.

ಮೂರನೆಯ ಕಾರಣವಾದ ಸಡಿಲ ಜೋಡಣೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ಜೋಡಣೆಯಲ್ಲಿ ಹತ್ತನೇ ಒಂದು ಓಮ್ ರೋಧ ಹುಟ್ಟಿಕೊಂಡಿದೆ ಎಂದುಕೊಳ್ಳಿ. 21.7 ಆಂಪಿಯರಿನ ವರ್ಗವನ್ನು 0.1ರಿಂದ ಗುಣಿಸಿದರೆ 47 ವ್ಯಾಟ್. ಬೆರಳ ತುದಿಯಷ್ಟು ಜಾಗದಲ್ಲಿ ಒಂದು ಸೋಲ್ಡರಿಂಗ್ ಐರನ್ನಿನಷ್ಟು ಶಾಖ ನಿರಂತರವಾಗಿ ಹುಟ್ಟುತ್ತದೆ. ಆದರೆ ಅಲ್ಲಿ ಕಳೆದುಹೋಗುವ ವೋಲ್ಟೇಜ್ ಬರೀ 2.2, ಹೀಟರಿನ ಕಾವಿನಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ. ಬಿಸಿಯಾದಾಗ ತಾಮ್ರ ಹಿಗ್ಗಿ, ಆರಿದಾಗ ಕುಗ್ಗಿ, ಪ್ರತಿ ಸುತ್ತಿಗೂ ಸ್ಕ್ರೂ ಇನ್ನಷ್ಟು ಸಡಿಲವಾಗುತ್ತದೆ, ಮೇಲ್ಮೈ ಕಪ್ಪಾಗಿ ರೋಧ ಇನ್ನಷ್ಟು ಏರುತ್ತದೆ. ಅಲ್ಯೂಮಿನಿಯಂ ತಂತಿಯಾದರೆ ಇದು ಇನ್ನೂ ಬೇಗ ನಡೆಯುತ್ತದೆ, ಏಕೆಂದರೆ ಅದು ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಜಾರುತ್ತದೆ ಮತ್ತು ಅದರ ಮೇಲೆ ಕಟ್ಟುವ ಆಕ್ಸೈಡ್ ಪದರ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಅಲ್ಯೂಮಿನಿಯಮ್ಮಿಗೆಂದು ಗುರುತು ಮಾಡದ ಟರ್ಮಿನಲ್ಲಿಗೆ ಆ ತಂತಿಯನ್ನು ಸಿಕ್ಕಿಸಲೇಬಾರದು.

ಸಡಿಲ ಜೋಡಣೆಯನ್ನು ಮಲ್ಟಿಮೀಟರಿನ ಓಮ್ ಅಳತೆಯಿಂದ ಹಿಡಿಯಲು ಹೊರಟರೆ ನಿರಾಶೆಯೇ ಗತಿ. ಮೀಟರ್ ಹರಿಸುವ ಅತ್ಯಲ್ಪ ಕರೆಂಟಿನಲ್ಲಿ ಅದು ಸರಿಯಾಗಿಯೇ ತೋರುತ್ತದೆ, ಅದರ ತಂತಿಗಳ ರೋಧವೇ ಹತ್ತನೇ ಒಂದೆರಡು ಓಮ್ ಇರುತ್ತದೆ. ಇದನ್ನು ಲೋಡ್ ಇರುವಾಗ ಕಳೆದುಹೋಗುವ ವೋಲ್ಟೇಜಿನಿಂದಲೇ ಹಿಡಿಯಬೇಕು. ಹೀಟರ್ ಪೂರ್ತಿ ಓಡುತ್ತಿರುವಾಗ ಬೋರ್ಡಿನಲ್ಲಿ, ಎಂಸಿಬಿಗೆ ಮೊದಲು, ಫೇಸ್ ಮತ್ತು ನ್ಯೂಟ್ರಲ್ ಪಟ್ಟಿಯ ನಡುವೆ 230 ವೋಲ್ಟ್ ಇದ್ದು, ಹೀಟರಿನ ಟರ್ಮಿನಲ್‌ನಲ್ಲಿ 222 ಇದ್ದರೆ, ದಾರಿಯಲ್ಲಿ 8 ವೋಲ್ಟ್ ಹೋಗಿದೆ. 6 ಚದರ ಮಿ.ಮೀ. ತಾಮ್ರದ ಜೋಡಿ ಕೇಬಲ್ ಪ್ರತಿ ಮೀಟರಿಗೆ ಪ್ರತಿ ಆಂಪಿಯರಿಗೆ ಸುಮಾರು 7.3 ಮಿಲಿವೋಲ್ಟ್ ತಿನ್ನುತ್ತದೆ. 25 ಮೀಟರಿಗೆ ಸುಮಾರು 4 ವೋಲ್ಟ್. ಉಳಿದ 4 ವೋಲ್ಟ್ ಜೋಡಣೆಗಳಲ್ಲಿ ಎಲ್ಲೋ 80 ವ್ಯಾಟಿಗೂ ಮಿಕ್ಕಿದ ಶಾಖವಾಗಿ ಉರಿಯುತ್ತಿದೆ. ಮೀಟರಿನ ಎರಡು ಕಡ್ಡಿಗಳನ್ನು ಒಂದೇ ತಂತಿಯ ದಾರಿಯಲ್ಲಿರುವ ಒಂದೊಂದು ಜೋಡಣೆಯ ಎರಡೂ ಬದಿಗೆ ಇಡುತ್ತಾ ಹೋದರೆ ಆ 4 ವೋಲ್ಟ್ ಎಲ್ಲಿ ಅಡಗಿದೆಯೆಂದು ಅದೇ ಹೇಳುತ್ತದೆ. ಕರೆಂಟ್ ಇರುವ ಟರ್ಮಿನಲ್‌ಗಳಲ್ಲಿ ಕೈಯಾಡಿಸುವ ಧೈರ್ಯವಾಗಲಿ ಅಧಿಕಾರವಾಗಲಿ ಇಲ್ಲದವರು, ಒಂದು ಗಂಟೆ ಓಡಿಸಿ, ಕರೆಂಟ್ ಕಡಿದು, ಕೂಡಲೇ ಮುಚ್ಚಳ ತೆಗೆದು, ದೂರದಿಂದ ತಾಪ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಹೋಲಿಸಬಹುದು. ಪಕ್ಕದ ಟರ್ಮಿನಲ್ಲಿಗಿಂತ ಒಂದು ಮಾತ್ರ ಬಹಳ ಬಿಸಿಯಿದ್ದರೆ ಅದೇ ಕಳ್ಳ.

ಸಿಕ್ಕಿದ ಮೇಲೆ ಸ್ಕ್ರೂ ಒಂದು ಸುತ್ತು ಬಿಗಿದು ಮುಚ್ಚಿಬಿಡುವುದು ರಿಪೇರಿಯಲ್ಲ. ಬಣ್ಣಗೆಟ್ಟ ತಾಮ್ರವನ್ನು ಹೊಳಪು ಕಾಣುವಲ್ಲಿಯವರೆಗೆ ಕತ್ತರಿಸಿ, ಹೊಸದಾಗಿ ಇನ್ಸುಲೇಷನ್ ಸುಲಿದು, ಎಳೆಗಳು ಹಲವಿದ್ದರೆ ತುದಿಗೆ ಸರಿಯಾದ ಲಗ್ (ಲೋಹದ ತೊಡಿಗೆ) ಒತ್ತಿ, ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಕ್ರೂ ಡ್ರೈವರಿನಿಂದ ಬಿಗಿಯಬೇಕು. ಸುಟ್ಟು ಕಂದಾದ ಟರ್ಮಿನಲ್ ಬ್ಲಾಕ್ ಅಥವಾ ಎಂಸಿಬಿಯ ಸ್ಪ್ರಿಂಗು ಹದ ಕಳೆದುಕೊಂಡಿರುತ್ತದೆ; ಬದಲಿಸಲೇಬೇಕು. ಸುಟ್ಟ ಮೀನಿನಂಥ ವಾಸನೆ ಬೋರ್ಡಿನ ಹತ್ತಿರ ಬರುತ್ತಿದ್ದರೆ ಅದು ಕಾಯುತ್ತಿರುವ ಪ್ಲಾಸ್ಟಿಕ್ಕಿನದು. ಅಂಥ ಸ್ಥಿತಿಯಲ್ಲಿ “ಮತ್ತೊಮ್ಮೆ ಹಾಕಿ ನೋಡೋಣ” ಎನ್ನಬಾರದು.

ಆರ್‌ಸಿಸಿಬಿ ಬೀಳುವ ಪ್ರಕರಣಗಳು

ಎಂಸಿಬಿ ಬೀಳದೆ ಆರ್‌ಸಿಸಿಬಿ (ಹೋದ ಕರೆಂಟಿಗೂ ಹಿಂತಿರುಗಿದ ಕರೆಂಟಿಗೂ ವ್ಯತ್ಯಾಸ ಕಂಡರೆ ಕಡಿಯುವ ಸ್ವಿಚ್) ಮಾತ್ರ ಬೀಳುತ್ತಿದ್ದರೆ ಹುಡುಕಬೇಕಾದ್ದು ಭೂಮಿಗೆ ಸೋರುತ್ತಿರುವ ಕರೆಂಟನ್ನು. 30 ಮಿಲಿಆಂಪಿಯರಿನ ಆರ್‌ಸಿಸಿಬಿ 15 ಮಿಲಿಆಂಪಿಯರ್ ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು, 30ಕ್ಕೆ ಬೀಳಲೇಬೇಕು. ತಿಂಗಳುಗಟ್ಟಲೆ ಸುಮ್ಮನಿದ್ದ ಹೀಟರನ್ನು ಚಳಿಗಾಲದ ಮೊದಲ ದಿನ ಹಾಕಿದಾಗ ಹೀಗಾದರೆ, ಬಹುಪಾಲು ಅದು ತೇವದ ಕೆಲಸ. ಲೋಹದ ಕೊಳವೆಯ ಎಲಿಮೆಂಟ್‌ಗಳಲ್ಲಿ ತಂತಿಯ ಸುತ್ತ ತುಂಬಿರುವ ಮೆಗ್ನೀಷಿಯಂ ಆಕ್ಸೈಡ್ ಪುಡಿ, ತುದಿಯ ಸೀಲ್ ಬಿರುಕು ಬಿಟ್ಟಿದ್ದರೆ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಖಚಿತಪಡಿಸಿಕೊಳ್ಳಲು ಎಲೆಕ್ಟ್ರಾನಿಕ್ ಥರ್ಮೊಸ್ಟಾಟ್ ಇದ್ದರೆ ಮೊದಲು ಅದನ್ನು ಸರ್ಕ್ಯೂಟಿನಿಂದ ಬಿಡಿಸಿ, ಹೀಟರಿನ ಫೇಸ್ ಮತ್ತು ನ್ಯೂಟ್ರಲ್ ತುದಿಗಳನ್ನು ಒಂದಾಗಿ ಸೇರಿಸಿ, ಅವಕ್ಕೂ ಕವಚಕ್ಕೂ ನಡುವೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ನಿನ ರೋಧ ಅಳೆಯುವ ಮೀಟರ್) ಹಾಕಬೇಕು. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಅನುಮಾನಿಸಬೇಕು; ಹತ್ತಾರು ಕಿಲೋಓಮ್ ಬಂದರೆ ಅಪರಾಧಿ ಸಿಕ್ಕಂತೆ. 230 ವೋಲ್ಟಿಗೆ 15 ಕಿಲೋಓಮ್ ಎಂದರೆ ಆಗಲೇ 15 ಮಿಲಿಆಂಪಿಯರ್ ಸೋರಿಕೆ. ಎಲಿಮೆಂಟನ್ನು ಬಿಚ್ಚಿ ಬೆಚ್ಚಗಿನ ಒಣ ಜಾಗದಲ್ಲಿ ಇಟ್ಟು ಮತ್ತೆ ಅಳೆದಾಗ ಸಂಖ್ಯೆ ಏರುತ್ತಿದ್ದರೆ ಅದು ಬದುಕಿಕೊಳ್ಳುತ್ತದೆ, ಏರದಿದ್ದರೆ ಹೊಸದು ಹಾಕಬೇಕು. ಅರ್ಥಿಂಗ್ ತಂತಿ ಬಿಚ್ಚಿ ಅಥವಾ ಆರ್‌ಸಿಸಿಬಿಯನ್ನು ಬದಿಗಿಟ್ಟು ಹೀಟರ್ ಓಡಿಸಿ “ತೇವ ಸುಡುವ” ಪದ್ಧತಿಯೊಂದು ಚಾಲ್ತಿಯಲ್ಲಿದೆ. ಹಾಗೆ ಮಾಡಿದರೆ ಆ ಹೊತ್ತಿನಲ್ಲಿ ಹೀಟರಿನ ಕವಚ ಮುಟ್ಟಿದವನ ದೇಹವೇ ಅರ್ಥಿಂಗ್ ತಂತಿಯಾಗುತ್ತದೆ.

ಆರ್‌ಸಿಸಿಬಿಯದೇ ಇನ್ನೊಂದು ತಂಟೆ ನನ್ನ ಒಂದು ಇಡೀ ದಿನವನ್ನು ತಿಂದುಹಾಕಿತ್ತು. ಹೀಟರಿನ ಎಂಸಿಬಿ ಆಫ್ ಇದ್ದರೂ, ಮನೆಯೊಳಗೆ ಬೇರೆ ಯಾವುದೋ ದೊಡ್ಡ ಉಪಕರಣ ಹಾಕಿದಾಗ ಆರ್‌ಸಿಸಿಬಿ ಬೀಳುತ್ತಿತ್ತು. ಹೀಟರ್ ಆಫ್ ಇರುವುದರಿಂದ ಅದರ ಮೇಲೆ ಅನುಮಾನವೇ ಬರಲಿಲ್ಲ. ಕೊನೆಗೆ ಸಿಕ್ಕಿದ್ದು ಹೀಟರಿನ ಟರ್ಮಿನಲ್ ಪೆಟ್ಟಿಗೆಯಲ್ಲಿ, ಕವಚಕ್ಕೆ ಒತ್ತಿಕೊಂಡು ಚರ್ಮ ಸುಲಿದಿದ್ದ ನ್ಯೂಟ್ರಲ್ ತಂತಿ. ಒಂದೇ ಪೋಲಿನ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಪಟ್ಟಿಗೆ ಅಂಟಿಕೊಂಡೇ ಇರುತ್ತದೆ. ಬೇರೆ ಉಪಕರಣದ ಹಿಂತಿರುಗುವ ಕರೆಂಟಿನ ಒಂದು ಪಾಲು ಆ ಸುಲಿದ ಜಾಗದಿಂದ ಭೂಮಿಗೆ ಜಾರಿ ಲೆಕ್ಕ ತಪ್ಪಿಸುತ್ತದೆ. ಅಂದಿನಿಂದ ಆರ್‌ಸಿಸಿಬಿ ದೂರು ಬಂದರೆ ಪಟ್ಟಿಯಿಂದ ಆ ಸರ್ಕ್ಯೂಟಿನ ನ್ಯೂಟ್ರಲ್ಲನ್ನೂ ಬಿಡಿಸಿಯೇ ಪರೀಕ್ಷೆ ಆರಂಭಿಸುತ್ತೇನೆ.

ಏನೂ ಬೀಳದೆ ಹೀಟರ್ ಸುಮ್ಮನಿದ್ದರೆ, ಅಥವಾ ಅರೆಬರೆ ಕಾದರೆ

ಪೂರ್ತಿ ಸುಮ್ಮನಿರುವ ಹೀಟರಿನ ಟರ್ಮಿನಲ್‌ನಲ್ಲಿ ಮೂರು ಅಳತೆಗಳು ಬೇಕು: ಫೇಸ್ ಮತ್ತು ನ್ಯೂಟ್ರಲ್ ನಡುವೆ, ಫೇಸ್ ಮತ್ತು ಅರ್ಥ್ ನಡುವೆ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ. ಥರ್ಮೊಸ್ಟಾಟ್ ಕರೆಂಟ್ ಬಿಡುತ್ತಿರುವಾಗ ಕೊನೆಯ ಎರಡೂ 230 ತೋರಿಸಿ ಮೊದಲನೆಯದು ಸೊನ್ನೆ ತೋರಿದರೆ ನ್ಯೂಟ್ರಲ್ ಹಿಂದೆ ಎಲ್ಲೋ ತುಂಡಾಗಿದೆ. ಫೇಸ್ ಎಲಿಮೆಂಟಿನ ಮೂಲಕ ಹಾದು ನ್ಯೂಟ್ರಲ್ ಟರ್ಮಿನಲ್‌ವರೆಗೆ ಬಂದು ನಿಂತಿದೆ. ಬರೀ ನಿಯಾನ್ ಟೆಸ್ಟರ್ ಇರುವವರು ಎರಡೂ ಕಡೆ ದೀಪ ಉರಿಯುವುದನ್ನು ಕಂಡು ಗಲಿಬಿಲಿಗೊಳ್ಳುವುದು ಇಲ್ಲೇ. ಇನ್ನು, ಕಡಿದುಹೋದ ಉದ್ದನೆಯ ತಂತಿಯಲ್ಲಿ ಡಿಜಿಟಲ್ ಮೀಟರ್ 60, 80 ವೋಲ್ಟಿನಂಥ ವಿಚಿತ್ರ ಸಂಖ್ಯೆ ತೋರಿಸಿದರೆ ಅದನ್ನು ನಂಬಬೇಡಿ. ಪಕ್ಕದ ಲೈವ್ ತಂತಿಯಿಂದ ತಗುಲಿದ ಸುಳ್ಳು ವೋಲ್ಟೇಜ್ ಅದು, ಕಡಿಮೆ ರೋಧದ ಪರೀಕ್ಷಕ ಹಿಡಿದರೆ ಕುಸಿದುಬಿಡುತ್ತದೆ.

ಅರೆಬರೆ ಕಾವಿಗೆ ಕ್ಲಾಂಪ್ ಮೀಟರೇ ಉತ್ತರ ಕೊಡುತ್ತದೆ. 21.7ರ ಬದಲು 10.9 ಆಂಪಿಯರ್ ಹರಿಯುತ್ತಿದ್ದರೆ ಎರಡು ಎಲಿಮೆಂಟ್‌ಗಳಲ್ಲಿ ಒಂದು ತುಂಡಾಗಿದೆ ಅಥವಾ ಅದಕ್ಕೆ ಹೋಗುವ ತಂತಿ ಸುಟ್ಟಿದೆ. ಆಗ ತಣ್ಣಗಿನ ರೋಧವೂ 21.2 ಓಮ್‌ಗೆ ಏರಿರುತ್ತದೆ. ರೋಧ ಸರಿಯಿದ್ದೂ ಕಾವು ಕಡಿಮೆಯಿದ್ದರೆ ವೋಲ್ಟೇಜನ್ನು ನೋಡಬೇಕು, ಏಕೆಂದರೆ ಶಾಖವು ವೋಲ್ಟೇಜಿನ ವರ್ಗದಂತೆ ಕುಸಿಯುತ್ತದೆ. 240 ವೋಲ್ಟಿನ ಹೀಟರಿಗೆ 208 ಕೊಟ್ಟರೆ ಮುಕ್ಕಾಲು ಭಾಗ ಶಾಖ; ತಪ್ಪಿ 120 ಕೊಟ್ಟರೆ ಬರೀ ಕಾಲು ಭಾಗ.

ಹೀಟರ್ ಕೆಲವು ನಿಮಿಷ ಓಡಿ ತಾನೇ ನಿಂತು ಮತ್ತೆ ಹತ್ತುತ್ತಿದ್ದರೆ ಥರ್ಮೊಸ್ಟಾಟ್ ಬಿಸಿಗಾಳಿಯ ದಾರಿಯಲ್ಲಿ ಕುಳಿತಿದೆಯೇ ಎಂದು ನೋಡಿ. ಇಲ್ಲವಾದರೆ ಅತಿತಾಪದ ಕಟ್‌ಔಟ್ ಕೆಲಸ ಮಾಡುತ್ತಿದೆ. ಧೂಳು ಮೆತ್ತಿದ ಜಾಲರಿ, ನಿಧಾನವಾದ ಫ್ಯಾನ್, ಹೀಟರಿನ ಮುಂದೆ ಒಟ್ಟಿದ ಸಾಮಾನು, ಇವು ಮೂರೂ ಅದಕ್ಕೆ ಕಾರಣ. ಕಟ್‌ಔಟಿನ ಎರಡು ತುದಿಗಳನ್ನು ತಂತಿಯಿಂದ ಸೇರಿಸಿ ನೇರ ಮಾಡುವುದು ಯಾವ ಸಂದರ್ಭದಲ್ಲೂ ಸಲ್ಲ. ಎಲಿಮೆಂಟ್ ಆರಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗುವುದು ದೋಷವಲ್ಲ. ಉಳಿದ ಶಾಖವನ್ನು ಹೊರದೂಡಲು ಹಾಗೆಯೇ ರೂಪಿಸಿರುತ್ತಾರೆ. ಗೋಡೆಯ ಥರ್ಮೊಸ್ಟಾಟನ್ನು ಬದಲಿಸಿದ ಮೇಲೆ ತೊಂದರೆ ಆರಂಭವಾಗಿದ್ದರೆ ಅದು 24 ವೋಲ್ಟಿನದೋ ನೇರ ಲೈನಿನದೋ ಎಂದು ಅದರ ಬೆನ್ನಿನ ಬರಹದಲ್ಲಿ ಓದಿ. 24 ವೋಲ್ಟಿನದನ್ನು ಮುಖ್ಯ ಲೈನಿಗೆ ಸಿಕ್ಕಿಸಿದ್ದರೆ ಅದು ಆಗಲೇ ಸುಟ್ಟಿರುತ್ತದೆ.

ಯಾವ ದೋಷವೇ ಸಿಕ್ಕಿರಲಿ, ರಿಪೇರಿಯ ನಂತರ ಹೀಟರನ್ನು ಪೂರ್ತಿ ಲೋಡಿನಲ್ಲಿ ಒಂದು ಗಂಟೆ ಓಡಿಸಿ, ಹತ್ತಿರವೇ ಇದ್ದು ನೋಡಬೇಕು. ಮೊದಲ ಕೆಲವು ನಿಮಿಷ ಧೂಳು ಸುಡುವ ವಾಸನೆ ಬರುವುದು ಸಹಜ. ಅದು ಹೋಗದಿದ್ದರೆ ನಿಲ್ಲಿಸಿ. ಆ ಗಂಟೆಯ ಕೊನೆಗೆ ಕರೆಂಟ್, ಹೀಟರಿನ ಟರ್ಮಿನಲ್‌ನಲ್ಲಿದ್ದ ವೋಲ್ಟೇಜ್ ಮತ್ತು ಬಿಸಿ ಟರ್ಮಿನಲ್ಲಿನ ತಾಪ, ಇವುಗಳ ಜೊತೆಗೆ ತಣ್ಣಗಿದ್ದಾಗ ತೆಗೆದ ಓಮ್ ಮತ್ತು ಮೆಗ್ಗರ್ ಸಂಖ್ಯೆಗಳನ್ನು ದಿನಾಂಕ ಹಾಕಿ ಒಂದು ಚೀಟಿಯಲ್ಲಿ ಬರೆದು ಬೋರ್ಡಿನ ಬಾಗಿಲ ಒಳಬದಿಗೆ ಅಂಟಿಸಿ. ಮುಂದಿನ ಚಳಿಗಾಲದಲ್ಲಿ ಹೀಟರ್ ಹಾಕುವ ಮೊದಲು ಅದೇ ಅಳತೆಗಳನ್ನು ಮತ್ತೆ ತೆಗೆದಾಗ, ಎರಡು ಸಾಲುಗಳಲ್ಲಿ ಯಾವ ಸಂಖ್ಯೆ ಜಾರಿದೆಯೋ ಅಲ್ಲಿಂದ ಹುಡುಕಾಟ ಶುರು ಮಾಡಬಹುದು.